ಕೆಟ್ಟ ತುಂಡುಗಳ ತೋರಣ

ನಮ್ಮ ವರ್ಕ್‌ಶಾಪಿನ ಬಾಗಿಲಿಗೆ ಮಾವಿನೆಲೆಯ ತೋರಣವಿಲ್ಲ, ಕೆಟ್ಟ ತುಂಡುಗಳ ತೋರಣವಿದೆ. ಅರ್ಧಕ್ಕೇ ನಿಂತುಹೋದ ಪ್ಲಾಸ್ಟಿಕ್ ಗೇರು, ಶಾವಿಗೆಯ ಹಾಗೆ ಗಂಟುಬಿದ್ದ ಮೊಬೈಲ್ ಸ್ಟ್ಯಾಂಡು, ಸೊಂಡಿಲಷ್ಟೇ ಮೂಡಿದ ಆನೆ, ಅಕ್ಷರಗಳೆಲ್ಲ ತಿರುಗಿಕೊಂಡ ಯಾರದೋ ಮನೆಯ ನಾಮಫಲಕ. ಯಾರ ಕೆಲಸ ಕೆಟ್ಟರೂ ಬಿಸಾಡುವಂತಿಲ್ಲ. ದಾರಕ್ಕೆ ಪೋಣಿಸಿ ಬಾಗಿಲಿಗೆ ಕಟ್ಟಬೇಕು, ಹೇಗೆ ಕೆಟ್ಟಿತೆಂದು ಅಲ್ಲಿರುವವರಿಗೆಲ್ಲ ಹೇಳಬೇಕು, ಕೇಳಿಸಿಕೊಂಡವರು ಒಬ್ಬೊಬ್ಬರೂ ಒಂದು ಉಪಾಯ ಹೇಳಲೇಬೇಕು. ಗೊತ್ತಿಲ್ಲ ಅನ್ನುವಂತಿಲ್ಲ. ಈ ಕೊನೆಯ ನಿಯಮ ಮಾಡಿದವರು ಯಾರೋ ಏನೋ, ಸಿಕ್ಕರೆ ಅವರಿಗೆ ಕೈ ಮುಗಿಯಬೇಕೋ ಜಗಳ ತೆಗೆಯಬೇಕೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ವರ್ಕ್‌ಶಾಪ್ ಇರುವುದು ದೊಡ್ಡಬಳ್ಳಾಪುರದ ಮಗ್ಗದ ಮನೆಗಳ ಸಾಲಿನಲ್ಲಿ, ಒಂದು ಮಹಡಿಯ ಮೇಲೆ. ಕೆಳಗೆ ಪವರ್‌ಲೂಮುಗಳು ಓಡುತ್ತವೆ, ಮೇಲೆ ನಮ್ಮ ಟೀ ಲೋಟಗಳು ಕುಣಿಯುತ್ತವೆ. ಪ್ಲಾಸ್ಟಿಕ್ ಕರಗಿಸಿ ಪದರ ಪದರವಾಗಿ ವಸ್ತು ಕಟ್ಟುವ ತ್ರೀಡಿ ಪ್ರಿಂಟರ್ ಒಂದಿದೆ, ಬೆಳಕಿನಿಂದಲೇ ರಟ್ಟು, ಹಲಗೆ ಕತ್ತರಿಸುವ ಲೇಸರ್ ಯಂತ್ರ ಒಂದಿದೆ. ಊರವರು ಯಾರು ಬೇಕಾದರೂ ಬಂದು ಕಲಿತು ಬಳಸಬಹುದು. ನಾನು ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುವವಳು. ನನಗೆ ಬಿಡುವು ಸಿಗುವುದು ಶನಿವಾರ ಮಧ್ಯಾಹ್ನ ಮಾತ್ರ. ಈ ಶನಿವಾರದ ವಿಷಯ ಸ್ವಲ್ಪ ನೆನಪಿಟ್ಟುಕೊಳ್ಳಿ.

ನಾನು ಅಲ್ಲಿಗೆ ಹತ್ತಿದ್ದು ನಮ್ಮತ್ತೆಯ ಮಗ್ಗಕ್ಕಾಗಿ. ಮನೆಯ ಹಿಂದಿನ ಶೆಡ್ಡಿನಲ್ಲಿ ಅವರದೊಂದು ಹಳೆಯ ಪವರ್‌ಲೂಮ್ ಇದೆ. ಸೀರೆಯ ಅಂಚಿನ ಚಿತ್ರ ಮೂಡಿಸಲು ಅದರ ನೆತ್ತಿಯ ಮೇಲೆ ಜಕಾರ್ಡ್ ಕೂತಿದೆ. ಜಕಾರ್ಡ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ರಟ್ಟಿನ ಕಾರ್ಡುಗಳನ್ನು ದಾರದಲ್ಲಿ ಸರ ಮಾಡಿ ನೇತುಹಾಕಿರುತ್ತಾರೆ. ಕಾರ್ಡಿನಲ್ಲಿ ತೂತಿದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ಇರುತ್ತದೆ. ಹೀಗೆ ಎದ್ದು ಬಿದ್ದು ಅಂಚಿನಲ್ಲಿ ಬಳ್ಳಿಯೋ ಹೂವೋ ಮೂಡುತ್ತದೆ. ಅತ್ತೆಯದು ಹಾಗಲಬಳ್ಳಿಯ ಅಂಚು. ಬೇರೆಯವರೆಲ್ಲ ನವಿಲು, ಮಾವು ಅಂತ ನೇಯುತ್ತಿದ್ದಾಗ ಅವರು ಹಟ ಹಿಡಿದು ಹಾಗಲಕಾಯಿ ನೇಯ್ದವರು. ಅವರ ಸ್ವಭಾವಕ್ಕೂ ಅದು ಸರಿಹೊಂದುತ್ತದೆ ಎಂದು ನನ್ನ ಗಂಡ ಹೇಳುವುದುಂಟು, ಅವರಿಗೆ ಕೇಳಿಸದಂತೆ.

ಆ ಕಾರ್ಡುಗಳನ್ನು ಇಲಿ ತಿಂದುಬಿಟ್ಟಿತು. ಎಲ್ಲವನ್ನೂ ತಿನ್ನಲಿಲ್ಲ, ಬೇಕಾದಷ್ಟು ತಿಂದಿತು. ಕಾರ್ಡಿಗೆ ತೂತು ಹೊಡೆದುಕೊಡುತ್ತಿದ್ದ ಅಂಗಡಿ ಮುಚ್ಚಿತ್ತು. ಮಗ್ಗ ನಿಂತಿತು. ಅತ್ತೆ ಅಳಲಿಲ್ಲ, ಜಗಳವಾಡಲಿಲ್ಲ, ಟಿವಿಯ ಸದ್ದು ಜೋರು ಮಾಡಿದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಟಿವಿ ಕಿರುಚುತ್ತಿತ್ತು, ಅವರು ಅದಕ್ಕೆ ಬೆನ್ನು ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಆಫ್ ಮಾಡಲಾ ಅಂದರೆ, "ಇರ್ಲಿ ಬಿಡೇ, ಸದ್ದಿಲ್ದಿದ್ರೆ ಮನೇಲಿ ಯಾರೋ ಹೋದಂಗಿರ್ತದೆ," ಅನ್ನುತ್ತಿದ್ದರು.

ನನ್ನ ಗಂಡ ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಾರೆ. ಫೋನ್ ಮಾಡಿದರೆ "ಡ್ಯೂಟಿಲಿದ್ದೀನಿ, ಆಮೇಲೆ" ಅಂತ ಇಟ್ಟುಬಿಡುತ್ತಾರೆ. ನಮ್ಮ ಮನೆಯಲ್ಲಿ ಡ್ಯೂಟಿ ಅನ್ನುವ ಪದಕ್ಕೆ ಇದ್ದಷ್ಟು ಮರ್ಯಾದೆ ದೇವರ ಕೋಣೆಗೂ ಇಲ್ಲ. ಅವರ ಕಾರಿಗೆ ನಿಲ್ಲಲು ನೆರಳಿರಲಿಲ್ಲ. ರಸ್ತೆಬದಿಯ ಹೊಂಗೆಮರದ ಕೆಳಗೆ ನಿಲ್ಲಿಸಿದರೆ ಕೋತಿಗಳು ಬಂದು ವೈಪರ್ ಕಿತ್ತು ಹಲ್ಲುಜ್ಜುತ್ತಿದ್ದವು. ಒಂದು ದಿನ ಅವರು ಊಟಕ್ಕೆ ಕೂತವರು ತಟ್ಟೆ ನೋಡಿಕೊಂಡೇ ಹೇಳಿದರು: "ಅಮ್ಮ, ಮಗ್ಗ ಹೆಂಗೂ ನಿಂತೈತೆ. ಗುಜರಿಯವ್ನಿಗೆ ಹೇಳ್ಬಿಡ್ಲಾ? ಶೆಡ್ಡಲ್ಲಿ ಕಾರ್ ನಿಲ್ಲುಸ್ಕೋತೀನಿ." ಅತ್ತೆ, "ನಿನ್ನಿಷ್ಟ ಕಣಪ್ಪ," ಅಂದು ಇನ್ನೊಂದು ಸೌಟು ಸಾರು ಬಡಿಸಿದರು. ಅತ್ತೆ ಹಾಗೆ ಸುಲಭವಾಗಿ ಒಪ್ಪಿದ್ದು ಇಷ್ಟು ವರ್ಷದಲ್ಲಿ ನಾನು ನೋಡಿರಲೇ ಇಲ್ಲ. ನನಗೆ ಭಯವಾಯಿತು. ನಾನೇ ಬಾಯಿ ಹಾಕಿ, ಯುಗಾದಿ ಕಳೆಯಲಿ ರೀ, ಅಷ್ಟರಲ್ಲಿ ಕಾರ್ಡು ನಾನು ಮಾಡಿಸುತ್ತೇನೆ, ಆಗದಿದ್ದರೆ ಗುಜರಿಯವನನ್ನು ಕರೆಸಿ ಅಂದೆ. ಎಲ್ಲಿ ಮಾಡಿಸುತ್ತೀಯ ಅಂತ ಅವರು ಕೇಳಲಿಲ್ಲ. ಮರುದಿನದಿಂದ ನಾನೇ ಊರಲ್ಲೆಲ್ಲ ವಿಚಾರಿಸತೊಡಗಿದೆ.

ಹೀಗೆ ನಾನು ಆ ಮಹಡಿ ಹತ್ತಿದೆ. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದು ಕಲಿತೆ. ಇಲಿ ಬಿಟ್ಟ ಕಾರ್ಡುಗಳನ್ನು ನೋಡಿ ಕೆಲವನ್ನು ನಕಲು ಮಾಡಿದೆ. ಉಳಿದದ್ದಕ್ಕೆ ಅತ್ತೆಯ ಹಳೆಯ ಸೀರೆಯೇ ಗತಿ. ಅವರು ಭೂತಗನ್ನಡಿ ಹಿಡಿದು ಅಂಚಿನ ಮೇಲೆ ಬಾಗಿ, "ಎತ್ತು, ಎತ್ತು, ಬಿಡು, ಎತ್ತು, ಬಿಡು, ಬಿಡು," ಅಂತ ಎಳೆ ಎಳೆಯಾಗಿ ಹೇಳುವುದು, ನಾನು ಎತ್ತು ಅಂದಲ್ಲಿ ಚುಕ್ಕೆ ಇಡುವುದು. ಸಂಜೆ ದೀಪ ಹಚ್ಚಿದ ಮೇಲೆ ನಮ್ಮಿಬ್ಬರದು ಇದೇ ಭಜನೆ. ನಡುನಡುವೆ, "ಇದ್ಯಾಕ್ ಸುಮ್ನೆ ಒದ್ದಾಡ್ತೀಯೇ," ಅನ್ನುತ್ತಿದ್ದರು, ಆದರೆ ಆ ಹೊತ್ತಿನಲ್ಲಿ ಮಾತ್ರ ಟಿವಿ ಆಫ್ ಆಗಿರುತ್ತಿತ್ತು.

ವರ್ಕ್‌ಶಾಪಿನಲ್ಲಿ ನನ್ನ ಪಾಲಿಗೆ ಮೂವರಿದ್ದರು. ಒಬ್ಬಳು ಯಂತ್ರ ಕಲಿಸುವ ಹುಡುಗಿ. ಎಲ್ಲರಿಗಿಂತ ಚಿಕ್ಕವಳು, ಎಲ್ಲರೂ ಮೇಡಂ ಅನ್ನುತ್ತಿದ್ದೆವು. ಇನ್ನೊಬ್ಬ ದೇವನಹಳ್ಳಿ ಕಡೆಯ ರೈತ, ದ್ರಾಕ್ಷಿ ತೋಟದ ಡ್ರಿಪ್ ಪೈಪಿಗೆ ಗುರುವಾರ ಲೇಸರಿನಲ್ಲಿ ಕ್ಲಿಪ್ಪು ಕತ್ತರಿಸಿಕೊಂಡು, ಶನಿವಾರ ಹರಟೆಗೂ ಬರುತ್ತಿದ್ದವನು. ಮನುಷ್ಯರನ್ನೂ ಯಂತ್ರವನ್ನೂ ಒಂದೇ ಸಮನಾಗಿ ಗುರು ಎಂದು ಕರೆಯುತ್ತಿದ್ದ. ಮೂರನೆಯವರು ಯಜಮಾನ್ರು. ನೆಲಮಂಗಲದಲ್ಲಿ ಜೀವಮಾನವಿಡೀ ಲಾರಿ ರಿಪೇರಿ ಮಾಡಿ, ಈಗ ಮಗಳ ಮನೆಯಲ್ಲಿದ್ದುಕೊಂಡು, ಹೊತ್ತು ಹೋಗದೆ ವರ್ಕ್‌ಶಾಪಿನ ಬೀಗದ ಕೈ ಇಟ್ಟುಕೊಂಡವರು. ಬಾಗಿಲು ತೆಗೆಯುವುದು, ಗುಡಿಸುವುದು, ಟೀ ತರುವುದು, ಯಂತ್ರಗಳಿಗೆ ಕುಂಕುಮ ಇಡುವುದು ಎಲ್ಲ ಅವರದೇ.

ಮೊದಲ ಶನಿವಾರ ನಾನು ಉಬ್ಬಿಕೊಂಡು ರಟ್ಟಿನ ಹಾಳೆ ಇಟ್ಟು ಗುಂಡಿ ಒತ್ತಿದೆ. ಲೇಸರ್ ಗುಂಯ್ ಅಂತ ಓಡಾಡಿತು. ಎತ್ತಿ ನೋಡಿದರೆ ತೂತುಗಳ ಸುತ್ತ ಗೀರು ಬಿದ್ದಿದೆ, ತೂತು ಬಿದ್ದಿಲ್ಲ. ಬಿದ್ದವುಗಳಲ್ಲೂ ರಟ್ಟಿನ ಚೂರು ಒಂದು ಕಡೆ ಅಂಟಿಕೊಂಡು ಬಾಗಿಲಿನಂತೆ ನೇತಾಡುತ್ತಿತ್ತು. ಪದ್ಧತಿಯ ಪ್ರಕಾರ ತೋರಣಕ್ಕೆ ಕಟ್ಟಿದೆ, ಹೇಗೆ ಕೆಟ್ಟಿತೆಂದು ಹೇಳಿದೆ. ಉಪಾಯಗಳ ಮಳೆ ಸುರಿಯಿತು.

"ಗುರು ಸ್ಪೀಡಾಗಿ ಓಡ್ತಾವ್ನೆ ಅಕ್ಕ, ನಿಧಾನ ಮಾಡು," ಅಂದ ರೈತ. ಮಾಡಿದೆ. ಕಾರ್ಡಿಗೆ ಬೆಂಕಿ ಹತ್ತಿತು. ಅವನೇ ಟೀ ಸುರಿದು ಆರಿಸಿದ. ತೋರಣಕ್ಕೆ ಟೀ ವಾಸನೆಯ ಕರಕಲು ಕಾರ್ಡೊಂದು ಸೇರಿತು.

ಮೇಡಂ, ಲೇಸರ್ ಬಾಯಿಗೂ ರಟ್ಟಿಗೂ ನಡುವಿನ ಅಂತರ ತಪ್ಪಿರಬೇಕು ಅಂದಳು. ಅದನ್ನು ಅಳೆಯಲು ಒಂದು ಪ್ಲಾಸ್ಟಿಕ್ ತುಂಡಿತ್ತು, ಕಳೆದುಹೋಗಿತ್ತು. ಅಷ್ಟೇ ದಪ್ಪದ್ದೆಂದು ಒಂದು ಬಗೆಯ ಬಿಸ್ಕತ್ತನ್ನು ಅಳತೆಗೆ ಇಟ್ಟುಕೊಂಡಿದ್ದರು. ಅದನ್ನು ತರಲು ಹೋದರೆ ಡಬ್ಬಿ ಖಾಲಿ. ರೈತ ಮೀಸೆ ಒರೆಸಿಕೊಂಡು, "ನಂಗೇನ್ ಗೊತ್ತು ಗುರು ಅದು ಸಾಮಾನು ಅಂತ, ಹಸಿವಾಗಿತ್ತು," ಅಂದ. ಯಜಮಾನ್ರು ಜೇಬಿನಿಂದ ನಿಪ್ಪಟ್ಟು ತೆಗೆದು, "ಇದಾಯ್ತದಾ ನೋಡವ್ವ," ಅಂದರು. ಮೇಡಂ ಗಂಭೀರವಾಗಿ ಅದನ್ನು ಅಳೆದೇ ಅಳೆದಳು. ನಿಪ್ಪಟ್ಟು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ. ಯಾವ ಕಡೆಯದು ಸರಿ ಅಂತ ಚರ್ಚೆಯಾಯಿತು. ನಕ್ಕು ನಕ್ಕು ನನಗೆ ಬಿಕ್ಕಳಿಕೆ ಹತ್ತಿತು. ಕೊನೆಗೆ ಅವಳು ಸ್ಕೇಲು ಹಿಡಿದು ಅಂತರ ಸರಿ ಮಾಡಿದಳು. ಆದರೂ ತೂತು ಬೀಳಲಿಲ್ಲ.

ಮುಂದಿನ ಶನಿವಾರ ಕೆಳಗಿನ ಮಗ್ಗಗಳ ನಡುಕದ ಮೇಲೆ ಅನುಮಾನ ಬಂತು. ಕೈಕಾಲು ಹಿಡಿದು ಊಟದ ಹೊತ್ತಿನಲ್ಲಿ ಅವನ್ನು ನಿಲ್ಲಿಸಿದೆವು. ಅದರ ಮುಂದಿನ ಶನಿವಾರ ಕರೆಂಟಿನ ಮೇಲೆ, ಆಮೇಲೆ ರಟ್ಟಿನ ಮೇಲೆ. ಲೆನ್ಸ್ ಕೊಳೆಯಾಗಿದೆಯಾ ಅಂತಲೂ ಕೇಳಿದೆ. ಲೇಸರ್ ಬೆಳಕು ಕನ್ನಡಿಗಳಲ್ಲಿ ತಿರುಗಿ, ಕೊನೆಗೆ ಈ ಪುಟ್ಟ ಗಾಜಿನಿಂದಲೇ ಕೆಳಗಿಳಿಯುತ್ತದೆ. ಯಜಮಾನ್ರು ಅದನ್ನು ಯಂತ್ರದ ಕಣ್ಣು ಅನ್ನುತ್ತಿದ್ದರು. ಮೇಡಂ ಬೇಸರಪಟ್ಟುಕೊಂಡು, "ಪ್ರತಿ ಸೋಮವಾರ ನಾನೇ ಒರೆಸ್ತೀನಿ ಅಕ್ಕ, ತಪ್ಪಿಸೋದೇ ಇಲ್ಲ," ಅಂದಳು. ಅದು ನಿಜವೂ ಆಗಿತ್ತು. ರೈತನಂತೂ ನನ್ನ ಹೊಟ್ಟೆ ಉರಿಸುತ್ತಿದ್ದ: "ಗುರುವಾರ ಬೆಣ್ಣೆ ಕುಯ್ದಂಗೆ ಕುಯ್ತಕ್ಕ ನಂಗೆ. ನಿನ್ ಕೈಗುಣ ಇರ್ಬೇಕು."

ಕೈಗುಣ! ನಾನು ಅದನ್ನೂ ನಂಬುವ ಸ್ಥಿತಿಗೆ ಬಂದಿದ್ದೆ. ನೇತಾಡುವ ಚೂರುಗಳನ್ನು ಮನೆಯಲ್ಲಿ ಸೂಜಿಯಿಂದ ಚುಚ್ಚಿ ತೆಗೆದು, ಒಂದಿಷ್ಟು ಕಾರ್ಡು ಮಗ್ಗಕ್ಕೆ ಹಾಕಿ ನೋಡಿದೆವು. ತೂತು ಸರಿಯಿಲ್ಲದಿದ್ದರೆ ಏಳಬೇಕಾದ ಎಳೆ ಏಳುವುದಿಲ್ಲ. ಅಂಚಿನಲ್ಲಿ ಹಾಗಲಕಾಯಿ ಬದಲು ದಪ್ಪ ಕಂಬಳಿಹುಳ ಮೂಡಿತು. ನನಗೆ ನಗು ಬಂತು, ಅತ್ತೆಗೆ ಬರಲಿಲ್ಲ. ಅವರು ಆ ಹುಳದ ಮೇಲೆ ಬೆರಳಾಡಿಸಿ, ಮಗ್ಗ ನಿಲ್ಲಿಸಿ, ಒಳಗೆ ಹೋಗಿ ಟಿವಿ ಹಾಕಿದರು.

ಯುಗಾದಿ ಕಳೆಯಿತು. ಗುಜರಿಯವನು ಭಾನುವಾರ ಬರುವುದೆಂದು ಆಯಿತು. ನನಗೆ ಉಳಿದಿದ್ದು ಅದರ ಹಿಂದಿನ ಶನಿವಾರ ಒಂದೇ.

ಆ ಶನಿವಾರ ಶಾಲೆಗೆ ರಜೆ. ಬೆಳಿಗ್ಗೆ ದೇವರ ಕೋಣೆಯಲ್ಲಿ ಫೋಟೋಗಳ ಗಾಜು ಒರೆಸುತ್ತಿದ್ದೆ. ಹಿಂದಿನ ದಿನದ ಮಂಗಳಾರತಿಯ ಹೊಗೆ ಹಿಡಿದು ಲಕ್ಷ್ಮಿಯ ಮುಖ ಮಬ್ಬಾಗಿತ್ತು. ಅತ್ತೆ ಬಾಗಿಲಲ್ಲಿ ನಿಂತು ಪ್ರತಿ ಶನಿವಾರ ಹೇಳುವುದನ್ನೇ ಹೇಳಿದರು: "ಕರ್ಪೂರ ಅಷ್ಟ್ ಹತ್ರ ಹಿಡೀಬೇಡ್ವೇ ಅಂತ ಎಷ್ಟ್ ಸಲ ಬಡ್ಕೊಳ್ಳೋದು? ಶುಕ್ರವಾರ ಬಂದ್ರೆ ದೇವ್ರ ಮುಖಕ್ಕೆಲ್ಲಾ ಮಸಿ."

ಒರೆಸುವ ಬಟ್ಟೆ ಕೈಯಲ್ಲೇ ನಿಂತಿತು. ಶುಕ್ರವಾರ. ಗಾಜು. ಮಸಿ. ಮೇಡಂ ಒರೆಸುವುದು ಸೋಮವಾರ, ರೈತ ಕತ್ತರಿಸುವುದು ಗುರುವಾರ, ನಾನು ಹೋಗುವುದು ಶನಿವಾರ. ಯಜಮಾನ್ರು ಯಂತ್ರಗಳಿಗೆ ಬರೀ ಕುಂಕುಮ ಇಡುತ್ತಿರಲಿಲ್ಲವಲ್ಲ! ಶುಕ್ರವಾರ ಪೂಜೆಯೂ ಮಾಡುತ್ತೇನೆ ಅಂತ ಎಂದೋ ಅಂದಿದ್ದರು.

"ಅಯ್ಯೋ ಅತ್ತೆ!" ಅಂತ ಅವರನ್ನು ತಬ್ಬಿಕೊಂಡುಬಿಟ್ಟೆ. ಅವರು ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದರು. ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಗೇಟಿನಲ್ಲಿ ಕಾರು ತೊಳೆಯುತ್ತಿದ್ದ ಗಂಡ, "ಎಲ್ಲಿಗೇ?" ಅಂದರು. "ಕಣ್ಣು ಒರ್ಸೋಕೆ!" ಅಂದೆ. "ಯಾರು ಅಳ್ತಾವ್ರೆ?" ಅಂತ ಅವರು ಕೂಗಿದ್ದು ಬೀದಿಯ ಕೊನೆಯವರೆಗೂ ಕೇಳುತ್ತಿತ್ತು.

ಮಹಡಿ ಹತ್ತಿ ನೋಡಿದರೆ ಮೇಡಂ, ರೈತ ಇಬ್ಬರೂ ಆಗಲೇ ಬಂದು, ಬೆನ್ನು ತಿರುಗಿಸಿ ಕಂಪ್ಯೂಟರ್ ನೋಡುತ್ತಾ ಕೂತಿದ್ದಾರೆ. ನನ್ನ ಕೊನೆಯ ಶನಿವಾರ ಎಂದು ಅವರಿಗೂ ಗೊತ್ತಿತ್ತು. ಯಜಮಾನ್ರು ಲೇಸರ್ ಯಂತ್ರದ ಮುಚ್ಚಳ ಎತ್ತಿ, ಆರತಿ ತಟ್ಟೆಯನ್ನು ಒಳಗೇ ಹಿಡಿದು, ಲೆನ್ಸಿನ ಕೆಳಗೆ ಭಕ್ತಿಯಿಂದ ಸುತ್ತಿಸುತ್ತಿದ್ದಾರೆ. ತಟ್ಟೆಯಲ್ಲಿ ಕರ್ಪೂರ ಧಗಧಗ ಉರಿಯುತ್ತಿದೆ. ಕಪ್ಪು ಹೊಗೆ ನೆಟ್ಟಗೆ ಮೇಲೆದ್ದು ಗಾಜಿಗೂ ಕನ್ನಡಿಗೂ ಮೆತ್ತಿಕೊಳ್ಳುತ್ತಿದೆ.

"ಯಜಮಾನ್ರೇ, ನಿಲ್ಸಿ!" ಅಂತ ಕಿರುಚಿದೆ.

ಅವರು ನನ್ನನ್ನು ನೋಡಿ ಖುಷಿಯಿಂದ, "ಬಂದ್ಯಾ ಕಣಮ್ಮ? ನಿನಗೋಸ್ಕರಾನೇ ಇವತ್ತು ವಿಶೇಷ. ಶುಕ್ರವಾರದ್ದು ಶುಕ್ರವಾರ ಆಯ್ತು. ಆದ್ರೂ ನಿನ್ ಕೆಲಸ ಯಾಕೋ ಆಗ್ತಿಲ್ವಲ್ಲ, ಅದಕ್ಕೆ ವಾರಾ ವಾರಾ ಒಂದೊಂದ್ ಬಿಲ್ಲೆ ಜಾಸ್ತಿ ಹಚ್ತಾ ಬಂದೆ. ಇದು ಯಂತ್ರದ ಕಣ್ಣಲ್ವಾ, ಕಣ್ಣಿಗೆ ಬೆಳಕು ಚೆನ್ನಾಗಿ ತೋರುಸ್ಬೇಕು," ಅಂದರು.

ನನ್ನ ಕೆಲಸ ಕೆಟ್ಟಷ್ಟೂ ಅವರು ಕರ್ಪೂರ ಹೆಚ್ಚಿಸಿದ್ದರು, ಅವರು ಕರ್ಪೂರ ಹೆಚ್ಚಿಸಿದಷ್ಟೂ ನನ್ನ ಕೆಲಸ ಕೆಟ್ಟಿತ್ತು. ಮನೆಯಿಂದ ಓಡಿಬರುವಾಗ ಬೈಯಲು ಸಿದ್ಧ ಮಾಡಿಕೊಂಡಿದ್ದ ಮಾತೆಲ್ಲ ಮರೆತೇಹೋಯಿತು. ನನ್ನ ಸ್ವಂತ ಅಪ್ಪ ಕೂಡ ನನ್ನ ಹೆಸರಿನಲ್ಲಿ ಇಷ್ಟು ಕರ್ಪೂರ ಉರಿಸಿರಲಿಲ್ಲ. ಅಷ್ಟರಲ್ಲಿ ಮೇಡಂ ಎದ್ದು ಬಂದು ಲೆನ್ಸ್ ಬಿಚ್ಚಿದ್ದಳು. ನನ್ನ ಕೈಯಲ್ಲೇ ಉಳಿದಿದ್ದ ದೇವರ ಕೋಣೆಯ ಬಟ್ಟೆ ಕಿತ್ತಿಟ್ಟು, "ಅದರಲ್ಲಿ ಒರೆಸಿದ್ರೆ ಗೀರು ಬೀಳುತ್ತೆ ಅಕ್ಕ," ಅಂದು, ತನ್ನ ಔಷಧಿಯಲ್ಲಿ ಅದ್ದಿದ ಹತ್ತಿಯಿಂದ ಒರೆಸಿದಳು. ಹತ್ತಿ ಕಾಡಿಗೆಯಷ್ಟು ಕಪ್ಪಾಗಿ ಬಂತು. "ಸೋಮವಾರಾನೂ ಹಿಂಗೇ ಬರ್ತಿತ್ತು, ರಟ್ಟು ಸುಟ್ಟ ಹೊಗೆ ಅನ್ಕೊಂಡಿದ್ದೆ," ಅಂದಳು.

ಯಜಮಾನ್ರು ಹತ್ತಿಯನ್ನು ನೋಡಿದರು, ತಮ್ಮ ತಟ್ಟೆಯನ್ನು ನೋಡಿದರು. "ಅಂದ್ರೆ ಇಷ್ಟ್ ದಿನ ನಿನ್ ಕೆಲಸ ಕೆಡುಸ್ತಿದ್ದೋನು ನಾನೇನಾ ತಾಯಿ?" ಅಂದರು. ಅವರ ಮುಖ ನೋಡಲಾಗದೆ ನಾನು ನೆಲ ನೋಡಿದೆ. ರೈತ ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಕೂತುಬಿಟ್ಟ. "ಗುರು, ದೇವ್ರು ಕಣ್ಣು ಬಿಡ್ಲಿ ಅಂತ ಅದ್ರ ಕಣ್ಣೇ ಮುಚ್ಬಿಟ್ರಲ್ಲ!" ಮೇಡಂ ತಡೆಯಲು ನೋಡಿ ತಾನೇ ನಕ್ಕಳು. ನಾನೂ ನಕ್ಕೆ, ಅಳುವೂ ಬಂತು, ಎರಡನ್ನೂ ಒಂದೇ ಸೆರಗಿನಲ್ಲಿ ಒರೆಸಿಕೊಂಡೆ. ಎಲ್ಲರಿಗಿಂತ ಕೊನೆಗೆ ಯಜಮಾನ್ರ ಭುಜ ಕುಲುಕತೊಡಗಿತು. ಆಮೇಲೆ ಅವರು ಕರ್ಪೂರದ ಡಬ್ಬಿಗೆ ಮೊಳೆಯಲ್ಲಿ ತೂತು ಹೊಡೆದು, ದಾರ ಪೋಣಿಸಿ, ನನ್ನ ಕರಕಲು ಕಾರ್ಡಿನ ಪಕ್ಕದಲ್ಲೇ ತೋರಣಕ್ಕೆ ಕಟ್ಟಿದರು. ಪದ್ಧತಿ ಅಂದರೆ ಪದ್ಧತಿ, ಹೇಗೆ ಕೆಟ್ಟಿತೆಂದು ಎಲ್ಲರಿಗೂ ಕೇಳುವಂತೆ ಹೇಳಿಯೂ ಹೇಳಿದರು.

ಲೆನ್ಸ್ ಹಾಕಿ, ಕನ್ನಡಿ ಒರೆಸಿ, ಗುಂಡಿ ಒತ್ತಿದೆ. ಮೊದಲ ಕಾರ್ಡು ಎತ್ತುವಾಗ ತೂತಿನ ಚೂರುಗಳೆಲ್ಲ ಎಳ್ಳಿನ ಹಾಗೆ ಉದುರಿದವು. ಕಿಟಕಿಗೆ ಹಿಡಿದರೆ ಪ್ರತಿ ತೂತಿನಿಂದಲೂ ಬೀದಿ ಕಾಣುತ್ತಿತ್ತು. ನಾನು ಕುಣಿದೆ. ಉತ್ಪ್ರೇಕ್ಷೆಯಲ್ಲ, ಸೀರೆ ಎತ್ತಿ ಸಿಕ್ಕಿಸಿಕೊಂಡು, ಆ ವಯಸ್ಸಿನಲ್ಲಿ, ನಿಜವಾಗಿಯೂ ಕುಣಿದೆ. ಸಂಜೆಯ ಹೊತ್ತಿಗೆ ಹಾಗಲಬಳ್ಳಿಯ ಒಂದು ಪೂರ್ತಿ ಚಿತ್ರಕ್ಕೆ ಬೇಕಾದ ಕಾರ್ಡೆಲ್ಲ ಮುಗಿದವು.

ಭಾನುವಾರ ಬೆಳಿಗ್ಗೆ ಮೂವರೂ ನಮ್ಮ ಶೆಡ್ಡಿಗೆ ಬಂದರು. ಮಗ್ಗದ ಮೇಲೆ ಹಳೆಯ ಹಾಸಿನ ಎಳೆಗಳು ಹಾಗೇ ಇದ್ದವು. ಅತ್ತೆ ಹೇಳಿಕೊಟ್ಟಂತೆ ಎಲ್ಲರೂ ನೆಲದಲ್ಲಿ ಕೂತು ಕಾರ್ಡುಗಳನ್ನು ದಾರದಲ್ಲಿ ಹೆಣೆದೆವು. ರೈತ ಒಂದು ಕಾರ್ಡು ತಲೆಕೆಳಗಾಗಿ ಹೆಣೆದು ಅತ್ತೆಯಿಂದ ಬೈಸಿಕೊಂಡ, ಅವರನ್ನೂ ಗುರು ಅಂದು ಇನ್ನೊಂದು ಸಲ ಬೈಸಿಕೊಂಡ. ಸರ ಮೇಲೇರಿದ ಮೇಲೆ ಅತ್ತೆ ಒಳಗಿನಿಂದ ಆರತಿ ತಟ್ಟೆ ತಂದು ಕರ್ಪೂರ ಹಚ್ಚಿದರು. ಯಜಮಾನ್ರು ಧಡಕ್ಕನೆ ಎದ್ದು ಕಾರ್ಡುಗಳ ಮುಂದೆ ಕೈ ಅಗಲಿಸಿ ನಿಂತರು. "ದೂರದಿಂದ ತಾಯಿ! ದೂರದಿಂದ್ಲೇ ತೋರ್ಸಿ!" ಅತ್ತೆಗೆ ಮೊದಲು ಅರ್ಥವಾಗಲಿಲ್ಲ. ಮೇಡಂ ಹೇಳಿದಳು. ಆಗ ನಮ್ಮತ್ತೆ ನಕ್ಕರು ನೋಡಿ, ತಟ್ಟೆ ಅಲುಗಾಡುವಷ್ಟು ನಕ್ಕರು. ಕಾರ್ಡು ಇಲಿಯ ಪಾಲಾದ ಮೇಲೆ ಆ ನಗು ನಾನು ಕೇಳಿರಲಿಲ್ಲ.

ಅವರು ಸ್ವಿಚ್ ಹಾಕಿದರು. ಮಗ್ಗ ಒಮ್ಮೆ ಗೊಣಗಿತು, ಆಮೇಲೆ ಹಳೆಯ ಲಯ ಹಿಡಿಯಿತು. ಕಾರ್ಡುಗಳು ಒಂದರ ಹಿಂದೊಂದು ಮಗುಚಿದವು, ಎಳೆಗಳು ಎದ್ದವು, ಬಿದ್ದವು. ಅಂಚಿನಲ್ಲಿ ಮೊದಲು ಒಂದು ಬಳ್ಳಿ, ಆಮೇಲೆ ಎಲೆ, ಆಮೇಲೆ ಮುಳ್ಳುಮುಳ್ಳಾದ, ಅಸಲಿ ಹಾಗಲಕಾಯಿ. ಅತ್ತೆ ಅದರ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಲ್ಲಿ ನನ್ನ ಕೆನ್ನೆ ಹಿಂಡಿದರು. ನೋವಾಗುವಷ್ಟು ಜೋರಾಗಿಯೇ ಹಿಂಡಿದರು.

ಗುಜರಿಯವನು ಹೇಳಿದ ಹೊತ್ತಿಗೆ ಸರಿಯಾಗಿ ಗಾಡಿ ತಂದು ಗೇಟಿನಲ್ಲಿ ಕೂಗಿದ. ಮಗ್ಗದ ಸದ್ದಿಗೆ ಅವನ ಕೂಗು ಯಾರಿಗೂ ಕೇಳಲಿಲ್ಲ. ನಾನು ಶೆಡ್ಡಿನ ಕಿಟಕಿಯಿಂದ ನೋಡಿದಾಗ ಅವನು ಗಂಡನಿಗೆ ಫೋನ್ ಮಾಡುತ್ತಿದ್ದ. ನನ್ನ ಗಂಡ ಅವನಿಂದ ಹತ್ತು ಹೆಜ್ಜೆ ಆಚೆ ಹೊಂಗೆಮರದ ಕೆಳಗೆ, ಕೋತಿ ಕಿತ್ತ ವೈಪರನ್ನು ಕಾರಿಗೆ ಸಿಕ್ಕಿಸುತ್ತಿದ್ದರು. ಫೋನ್ ಕಿವಿಗಿಟ್ಟು, ನಮ್ಮ ಶೆಡ್ಡಿನ ಕಡೆ ಒಮ್ಮೆ ತಿರುಗಿ ನೋಡಿ, ಗುಜರಿಯವನಿಗೆ ಫೋನಿಲ್ಲದೆಯೂ, ಕಿಟಕಿಯಲ್ಲಿದ್ದ ನನಗೂ ಮಗ್ಗದ ಸದ್ದು ಮೀರಿ ಕೇಳುವಷ್ಟು ಜೋರಾಗಿ ಹೇಳಿದರು:

"ಈಗ ಆಗಲ್ಲಪ್ಪ. ಅಮ್ಮ ಡ್ಯೂಟಿಲವ್ರೆ."